ಎರಡು ಸಾಲು ಬಂಡಿಗಳ ನಡುವಿನ ಎರಡೂವರೆ ಮೊಳ

ಔರಾದ ನಾಕಾದ ಮುಂದೆ ಎರಡು ಸಾಲಾಗಿ ನಿಲ್ಲುತ್ತಿದ್ದ ಬಂಡಿಗಳ ನಡುವೆ ಫಟಫಟಿ ದಾಟಿಸುವ ಹಕ್ಕು ನನಗೆ ಪುಕ್ಕಟೆ ಸಿಗಲಿಲ್ಲ. ಎಂಟು ದಿನ ನನ್ನ ಗಾಡಿ ಬೇವಿನ ಮರಕ್ಕೆ ಸರಪಳಿ ಬಿಗಿಸಿಕೊಂಡು ನಿಂತಿತು. ಒಂದು ಥರ್ಮಾಸ್ ಫ್ಲಾಸ್ಕ್ ಚೂರಾಯಿತು. ಒಂದು ಒಳ್ಳೆಯ ಮಿಲ್ಟ್ರಿ ಕೋಟು ಕತ್ತರಿಗೆ ಬಿತ್ತು. ಮೆಹಕರದ ಮುದುಕನೊಬ್ಬನ ಬಂಡಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅಲುಗಾಡದೆ ಕೂತೆ. ನನ್ನಂಥವನಿಗೆ ಇದೇ ಎಲ್ಲಕ್ಕಿಂತ ಭಾರವಾದ ದಂಡ. ಇಷ್ಟು ನಾನು ತೆತ್ತದ್ದು. ನನ್ನ ಗಡಿಬಿಡಿಗೆ ಬೇರೆಯವರು ತೆತ್ತದ್ದು ಏಳು ಎತ್ತು, ಎರಡು ಎಮ್ಮೆ.

ಆ ಸಂದು ನನಗೆ ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಮೊದಲ ಬೇಸಿಗೆ. ದನಗಳಿಗೆ ದೊಡ್ಡ ರೋಗ ಬಂದಿತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ಒಂದು ವಾರದಲ್ಲಿ ಕೊಟ್ಟಿಗೆ ಖಾಲಿ. ಅದಕ್ಕೆ ಚುಚ್ಚುವ ಔಷಧ ಹೈದರಾಬಾದಿನಿಂದ ರೈಲಿನಲ್ಲಿ ಬೀದರಿಗೆ ಬರುತ್ತಿತ್ತು, ಗಾಜಿನ ಸಣ್ಣ ನಳಿಗೆಗಳಲ್ಲಿ, ಬರ್ಫ ತುಂಬಿದ ಫ್ಲಾಸ್ಕಿನೊಳಗೆ. ಬರ್ಫ ಕರಗಿದರೆ ಔಷಧ ಕೆಟ್ಟಂತೆ. ಔರಾದಕ್ಕೆ ರೈಲಿಲ್ಲ. ಬಸ್ಸಿತ್ತು, ಆದರೆ ಅದು ನಾಕಾದಲ್ಲಿ ಬಂಡಿಗಳ ಹಿಂದೆ ನಿಂತು ನಿಂತು ಹೊತ್ತು ಮುಳುಗುವಾಗ ಊರು ಸೇರುತ್ತಿತ್ತು. ಬೀದರಿನಲ್ಲಿ ಬಾಡಿಗೆಗೆ ಸಿಗುವ ಫಟಫಟಿ ಆಗ ನನ್ನದೊಂದೇ. ಮಹಾಯುದ್ಧ ಮುಗಿದಾಗ ಮಿಲ್ಟ್ರಿಯವರ ಹರಾಜಿನಲ್ಲಿ ಹಿಡಿದದ್ದು. ಗಾಡಿಯ ಜೊತೆಗೆ ಕೋಟೂ ಬೇಕೆಂದು ಹಟ ಹಿಡಿದು ಅದನ್ನೂ ಹೊಡೆದುಕೊಂಡಿದ್ದೆ. ಫ್ಲಾಸ್ಕ್ ಒಯ್ಯುವ ಕೆಲಸ ನನಗೆ ಬಂತು.

ಔರಾದ ಮುಟ್ಟುವ ಮೊದಲು ದಾರಿ ಏರಿಯ ಮೇಲೆ ಹೋಗುತ್ತದೆ. ಎರಡೂ ಕಡೆ ಎರೆಹೊಲ, ಬೇಸಿಗೆಯಲ್ಲಿ ಗಾಲಿ ನುಂಗುವಷ್ಟು ಬಿರುಕು. ಏರಿಯ ಕೊನೆಗೆ ನಾಕಾ, ಊರೊಳಗೆ ಹೋಗುವ ಮಾಲನ್ನು ತಡೆದು ಬರೆದುಕೊಳ್ಳುವ ಜಾಗ. ಸರಕಾರಕ್ಕೆ ಲೆವ್ಹಿ ಜೋಳ ಕೊಡುವ ಬಂಡಿಗಳು ಎಡಗಡೆಯ ಸಾಲು, ಪೇಟೆಗೆ ಹತ್ತಿ ಮೆಣಸಿನಕಾಯಿ ತರುವವು ಬಲಗಡೆಯ ಸಾಲು. ಎರಡೂ ಸಾಲಿನ ಲೆಕ್ಕ ಬರೆಯುವ ಮುನ್ಶಿ ಒಬ್ಬನೇ. ಒಳಗೆ ಹೋದ ಬಂಡಿಗಳು ಊರಿನ ಆಚೆ ಕಡೆಯಿಂದ ಸುತ್ತುಹಾದಿ ಹಿಡಿದು ಮರಳುತ್ತಿದ್ದವು. ಆ ಹಾದಿಯ ಕಲ್ಲುಗಳಿಗೆ ನನ್ನ ಗಾಡಿಯ ಹೊಟ್ಟೆ ತಾಗುತ್ತಿತ್ತು. ಉಳಿದದ್ದು ಎರಡು ಸಾಲುಗಳ ನಡುವಿನ ಸಂದು.

ಮೂರು ಸಲ ಆ ಸಂದಿನಲ್ಲೇ ದಾಟಿದೆ. ಎಂಜಿನ್ ಮೆಲ್ಲಗೆ ಓಡಿಸುತ್ತಾ, ಎರಡೂ ಕಾಲು ನೆಲಕ್ಕೆ ಬಿಟ್ಟು, ಹಗ್ಗ ಅಡ್ಡ ಬಂದಲ್ಲಿ ಬಂಡಿಯವರನ್ನು ಕೂಗಿ ಎತ್ತಿಸುತ್ತಾ. ಮೂರು ಸಲವೂ ಬೈಗುಳ ಸಿಕ್ಕಿತು, ದಾರಿಯೂ ಸಿಕ್ಕಿತು. ಆದರೆ ಹೊತ್ತು ಹೋಗುತ್ತಿತ್ತು. ಮೂರನೆಯ ಸಲ ಔರಾದದ ದನದ ಡಾಕ್ಟರು ಫ್ಲಾಸ್ಕಿನೊಳಗೆ ಬೆರಳಿಟ್ಟು ನೋಡಿ, "ಬರ್ಫ ಇನ್ನ ಚೂರ ಅದರಿ. ಇನ್ನೊಂದ ತಾಸು ತಡ ಆದ್ರ ಏನೂ ಉಳೀತಿರಲಿಲ್ಲ" ಎಂದರು. ಆಗ ನನಗೊಂದು ಬುದ್ಧಿ ಹೊಳೆಯಿತು. ಬಂಡಿಯವರು ನನ್ನನ್ನು ನೋಡಿದೊಡನೆ ತಾವಾಗಿಯೇ ಸರಿಯಬೇಕು. ಅದಕ್ಕೆ ಮಿಲ್ಟ್ರಿ ಕೋಟಿಗಿಂತ ಒಳ್ಳೆಯದು ಯಾವುದು? ನಾಲ್ಕನೆಯ ಸಲ ಆ ಬಿಸಿಲಲ್ಲಿ ಬೇಯುತ್ತಾ ಖಾಕಿ ಕೋಟು ತೊಟ್ಟು, ಕಾಲರು ಮೇಲಕ್ಕೆತ್ತಿ, ಹೊರಟೆ.

ಅವರು ಸರಿದರು, ನಿಜ. ಸಾಲಿನ ಬಾಲದಲ್ಲಿ ಬಂಡಿಯ ಕೆಳಗೆ ಮಲಗಿದ್ದವನೊಬ್ಬ ಎದ್ದು ನೋಡಿದ, "ಬಂದ್ರೋ!" ಎಂದು ಕೂಗಿದ. ಕ್ಷಣದಲ್ಲಿ ಎರಡೂ ಸಾಲಿನ ಗಂಡಸರು ಏರಿಯಿಂದ ಎರೆಹೊಲಕ್ಕೆ ಧುಮುಕಿದರು. ಯಾರೂ ಹಿಂತಿರುಗಿ ನೋಡಲಿಲ್ಲ. ದನಗಳು ಮಾತ್ರ ಕಟ್ಟಿದಲ್ಲೇ ಉಳಿದವು, ಒಡೆಯರ ಕೂಗಿಗೆ ಬೆದರಿ. ನನಗೆ ಬ್ರೇಕು ಹಿಡಿಯುವಷ್ಟು ಪುರಸತ್ತು ಸಿಗಲಿಲ್ಲ. ಒಂದು ಬಿಳಿ ಎತ್ತು ಹಿಂದಕ್ಕೆ ಜಗ್ಗಿತು. ಅದರ ಹಗ್ಗ ಸಂದಿಗೆ ಅಡ್ಡಲಾಗಿ ಬಿಗಿದು ನನ್ನ ಮುಂದಿನ ಗಾಲಿಗೆ ಸಿಕ್ಕಿತು. ನಾನು ಒಂದು ಕಡೆ, ಗಾಡಿ ಒಂದು ಕಡೆ. ಎತ್ತಿನ ಎಡಗೋಡು ಬಂಡಿಯ ಗಾಲಿಯ ಅರಗಳ ನಡುವೆ ಸಿಕ್ಕಿ ಮೇಲಿನ ಚಿಪ್ಪು ಕಳಚಿಹೋಯಿತು. ರಕ್ತ ಅದರ ಕಣ್ಣಿಗೆ ಇಳಿಯುತ್ತಿತ್ತು. ಫ್ಲಾಸ್ಕ್ ಇಟ್ಟಿದ್ದ ಪೆಟ್ಟಿಗೆ ಎತ್ತಿ ಅಲುಗಿಸಿದೆ. ಒಳಗೆ ಗಾಜಿನ ಸದ್ದು.

ನಮ್ಮ ಕಡೆ ಠಾಣೆಯ ಅಧಿಕಾರಿಯನ್ನು ಅಮೀನ ಎನ್ನುವ ರೂಢಿ. ಆಗಿನ ಅಮೀನರು ಕಾರ್ಯಾಚರಣೆಯ ನಂತರ ಬಳ್ಳಾರಿ ಕಡೆಯಿಂದ ಬಂದವರು, ತೆಳ್ಳಗಿನ ಮನುಷ್ಯ, ಯಾವಾಗಲೂ ಕಿವಿಗೆ ಪೆನ್ಸಿಲ್. ನಾಕಾದಿಂದ ನಡೆದೇ ಬಂದರು.

"ನಡುವೆ ನುಗ್ಗು ಅಂತ ಯಾರು ಹೇಳಿದರು ನಿನಗೆ?"

"ನಡುವ ಹಾದಿ ಖಾಲಿ ಇತ್ರಿ ಸಾಹೇಬ್ರ."

"ಖಾಲಿ ಇದ್ದರೆ ಈ ಎತ್ತು ಎಲ್ಲಿಂದ ಬಂತು?"

ನಾಕಾದ ಗೋಡೆಗೆ ಅಂಟಿಸಿದ ಇಂಗ್ಲಿಷ್ ಕಾಗದ ತೋರಿಸಿದರು. ಮೋಟಾರು ವಾಹನಗಳು ಬಂಡಿ ಸಾಲಿನ ಹಿಂದೆ ನಿಂತು ತಮ್ಮ ಸರದಿ ಕಾಯಬೇಕು ಎಂದು ಅದರಲ್ಲಿತ್ತಂತೆ. ಅದರ ಪಕ್ಕದ ಹಳೆಯ ಉರ್ದು ಹಲಗೆಯಲ್ಲಿ ಮೋಟಾರಿನ ಸುದ್ದಿಯೇ ಇರಲಿಲ್ಲ. ಬಿದ್ದು ತರಚಿದ ಮೊಣಕಾಲು ಉರಿಯುತ್ತಿದ್ದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸಾಲಿನ ಹಿಂದ ನಿಲ್ಲಂತ ಬರದೀರಿ. ಇಲ್ಲಿ ಸಾಲು ಎರಡ ಅವ. ನಾ ಯಾವುದರ ಹಿಂದ ನಿಲ್ಲಬೇಕ್ರಿ?"

"ಈಗ ಯಾವುದರ ಹಿಂದೆಯೂ ಬೇಡ. ಮನೆಯಲ್ಲಿ ನಿಲ್ಲು" ಎಂದರು ಅಮೀನರು. ಗಾಡಿಯನ್ನು ಬೇವಿನ ಮರಕ್ಕೆ ಕಟ್ಟಿಸಿ ಬೀಗ ಹಾಕಿದರು. ಎತ್ತಿನ ಒಡೆಯ ರಾಜಿಗೆ ಒಪ್ಪಿದ ಕಾಗದ ತಂದರೆ ಗಾಡಿ ಬಿಡುವುದು. ಆಮೇಲೂ ಸಾಲಿನ ನಡುವೆ ಬಂದರೆ ಲೈಸೆನ್ಸು ಹರಿದು ಹಾಕುವುದು. ಅಷ್ಟೇ ಅವರ ತೀರ್ಪು.

ಫ್ಲಾಸ್ಕ್ ಹಿಡಿದು ನಡೆದು ಡಾಕ್ಟರ ಬಳಿ ಹೋದೆ. ಅವರು ಚೂರುಗಳ ನಡುವಿನಿಂದ ಒಡೆಯದ ನಳಿಗೆಗಳನ್ನು ಹೆಕ್ಕಿ ಅಂಗೈಯಲ್ಲಿ ಹಿಡಿದರು. "ಬೆಚ್ಚಗಾಗ್ಯಾವ. ಇವನ್ನ ದನಕ್ಕ ಚುಚ್ಚೋದೂ ಒಂದೇ, ಬಾವಿ ನೀರ ಚುಚ್ಚೋದೂ ಒಂದೇ" ಎಂದರು. ಹೊಳೆಯ ಕಡೆಯ ಒಂದು ಹಟ್ಟಿಯವರು ಬೆಳಗಿನಿಂದ ದವಾಖಾನೆಯ ಮುಂದೆ ಕೂತಿದ್ದರು, ಡಾಕ್ಟರನ್ನು ಕರೆದೊಯ್ಯಲು. ಇದನ್ನು ಕೇಳಿ ಅವರು ಎದ್ದು ಹೋದರು. ನಾನು ಮೊದಲು ಹೇಳಿದ, ಔಷಧವಿಲ್ಲದೆ ಸತ್ತ ಏಳು ಎತ್ತು ಎರಡು ಎಮ್ಮೆ ಆ ಹಟ್ಟಿಯವು.

"ಮುಂದಿನ ಫ್ಲಾಸ್ಕು ಹನ್ನೆರಡ ದಿನಕ್ಕ ಬರ್ತದ" ಎಂದರು ಡಾಕ್ಟರು. "ಅದು ತಪ್ಪಿದ್ರ ರೋಗ ಹಟ್ಟಿ ಬಿಟ್ಟು ಊರಿಗಿ ಬರ್ತದ. ಆಮ್ಯಾಲ ನೀವೂ ಬ್ಯಾಡ, ನಾನೂ ಬ್ಯಾಡ. ತರ್ತೀರೇನು, ಬ್ಯಾರೆಯವರಿಗಿ ಹೇಳಲೇನು?"

"ನಾನೇ ತರ್ತೇನ್ರಿ" ಎಂದೆ. ಹೇಗೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಬೀದರಿಗೆ ಮರಳಿ ಚಿದ್ರಿ ಓಣಿಯ ನನ್ನ ಮನೆಯಲ್ಲಿ ಎರಡು ದಿನ ಕಳೆದೆ. ಕೂತರೆ ಎದ್ದೆ, ಎದ್ದರೆ ಬಾಗಿಲಿಗೆ ಹೋದೆ. ಕೊನೆಗೆ ಹೆಂಡತಿ, "ಕುಂತಲ್ಲೆ ಮುಳ್ಳ ಚುಚ್ಚಿದಂಗ ಯಾಕ ಮಾಡ್ತೀರಿ? ಆ ಎತ್ತಿನ ಮುದುಕನ ಮನಿಗಿ ಹೋಗ್ರಿ. ಇಲ್ಲಿ ತಿರಗಿ ತಿರಗಿ ನನ್ನ ನೆಲ ಸವಸಬ್ಯಾಡ್ರಿ" ಎಂದಳು.

ಎತ್ತಿನ ಒಡೆಯ ಮೆಹಕರದವನೆಂದು ಮುನ್ಶಿ ಹೇಳಿದ್ದ. ಬಾಡಿಗೆಗೆ ಔರಾದ ಕಡೆ ಬಂಡಿ ಹೊಡೆಯುವ ಮುದುಕ. ರೈಲು ಹತ್ತಿ ಭಾಲ್ಕಿಗೆ ಹೋದೆ. ಅಲ್ಲಿಯ ಪೇಟೆಯಲ್ಲಿ ಎತ್ತಿಗೆಂದು ಅರ್ಧ ಚೀಲ ಶೇಂಗಾ ಹಿಂಡಿ ಚೌಕಾಸಿ ಮಾಡಿ ಕೊಂಡೆ. ಬರಿಗೈಯಲ್ಲಿ ರಾಜಿಗೆ ಹೋಗಬಾರದು. ಸಿಕ್ಕ ಬಂಡಿ ಹತ್ತಿ, ಸಿಗದಲ್ಲಿ ಚೀಲ ಹೊತ್ತು ನಡೆದು, ಮರುದಿನ ಮಧ್ಯಾಹ್ನ ಮೆಹಕರ ಮುಟ್ಟಿದೆ.

ಮುದುಕ ಅಂಗಳದಲ್ಲಿ ಎತ್ತಿನ ಕೋಡಿಗೆ ಅರಿಸಿನ ಎಣ್ಣೆಯ ಬಟ್ಟೆ ಕಟ್ಟುತ್ತಿದ್ದ. ನನ್ನನ್ನು ಗುರುತು ಹಿಡಿದ. ಕೂಡು ಎನ್ನಲಿಲ್ಲ. ನಾನು ಚೀಲ ಬಿಚ್ಚಿ ಹಿಂಡಿಯನ್ನು ಎತ್ತಿನ ಮುಂದೆ ಸುರಿದೆ. ಅದು ತಿನ್ನತೊಡಗಿತು. ಸಮಯ ನೋಡಿ ಮಾತು ತೆಗೆದೆ.

"ಮುತ್ಯಾ, ಆಗಿದ್ದು ಆಗಿ ಹೋಯ್ತು. ಏನ ಬೇಕ ಹೇಳ್ರಿ, ಕೊಡ್ತೇನಿ. ಒಂದ ಕಾಗದಕ್ಕ ಹೆಬ್ಬಟ್ಟ ಹಾಕ್ರಿ."

"ಹಿಂಡಿ ತಿಂದಿದ್ದು ಎತ್ತು" ಎಂದ ಮುದುಕ. "ರಾಜಿ ಅದರ ಕೂಡೇ ಮಾಡ್ಕೊ."

ಬಾಗಿಲಲ್ಲಿದ್ದ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಬಿಡಲಿಲ್ಲ. ಫಟಫಟಿಯ ಸದ್ದಿಗೆ ಎತ್ತು ಬೆದರಿದ್ದು ಸಹಜ, ಆದರೆ ಮೂರು ಸಲ ಹಾಗೆಯೇ ದಾಟಿದ್ದೆನಲ್ಲ, ಆಗ ಯಾಕೆ ಬೆದರಲಿಲ್ಲ, ತಪ್ಪು ಹಗ್ಗ ಉದ್ದ ಬಿಟ್ಟವರದ್ದೂ ಇದೆ ಎಂದೆಲ್ಲ ವಾದ ಹೂಡಿದೆ. ಮುದುಕ ಕೋಡಿನ ಬಟ್ಟೆ ಬಿಗಿದು ಮುಗಿಸಿ ನನ್ನ ಕಡೆ ತಿರುಗಿದ.

"ಫಟಫಟಿಗಿ ಯಾರ ಅಂಜ್ತಾರೋ ತಮ್ಮಾ? ನಾವು ಅಂಜಿದ್ದು ಕೋಟಿಗಿ. ಹೋದ ವರ್ಷ ಒಂದ ಸಲ ಇಂಥ ಕೋಟ ಬಂತು, ಓಡಿದಿವಿ. ಎರಡ ತಿಂಗಳಿಗಿ ಬ್ಯಾರೆ ಕೋಟ ಬಂತು, ಆಗೂ ಓಡಿದಿವಿ. ಯಾವ ಕೋಟ ಯಾರದು ಅಂತ ನಿಂತ ನೋಡಿದವರು ತಿರಗಿ ಮನಿಗಿ ಬರಲಿಲ್ಲ. ನಿನಗ ಹಾದಿ ಬೇಕಿತ್ತು. ನಮಗ ಜೀವ ಬೇಕಿತ್ತು."

ಆ ಕೋಟು ನನಗೆ ಎಷ್ಟು ಅಗ್ಗಕ್ಕೆ ಸಿಕ್ಕಿತೆಂದು ಹತ್ತಾರು ಜನರ ಮುಂದೆ ಹೇಳಿಕೊಂಡಿದ್ದೆ. ಅದನ್ನು ಕಂಡವರಿಗೆ ಏನು ಕಾಣುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಪ್ಪಾಯಿತು ಎಂದೆ. ಮುದುಕ ತನ್ನ ಶರತ್ತು ಹೇಳಿದ.

"ರೊಕ್ಕ ಬ್ಯಾಡ. ನಾಳಿ ಬಂಡಿ ಹೂಡ್ತೇನಿ, ಬ್ಯಾರೆ ಎತ್ತ ಕಟ್ಟಿ. ನೀನೂ ಬಾ. ನಾಕಾದಾಗ ಸಾಲು ಹತ್ತಿದ ಮ್ಯಾಲ ನನ್ನ ಬಂಡಿಮ್ಯಾಲ ಕೂಡು. ನನ್ನ ಪಾಳಿ ಬರೂತನಕ ಇಳೀಬಾರದು. ಆಮ್ಯಾಲ ಹೆಬ್ಬಟ್ಟು."

ಇಷ್ಟೇ ತಾನೆ ಎಂದು ಒಪ್ಪಿದೆ. ಇಷ್ಟೇ ಎಂದುಕೊಂಡದ್ದು ನನ್ನ ಇನ್ನೊಂದು ತಪ್ಪು.

ಜೋಳದ ಚೀಲಗಳ ಮೇಲೆ ಕೂತು, ದಾರಿಯಲ್ಲಿ ತಂಗುತ್ತಾ, ಔರಾದ ನಾಕಾ ಮುಟ್ಟಿದಾಗ ಬೆಳಗಾಗಿತ್ತು. ಎಡಸಾಲಿನ ಬಾಲ ಹಿಡಿದೆವು. ಬೇವಿನ ಮರದ ಕೆಳಗೆ ನನ್ನ ಗಾಡಿ ದೂರದಲ್ಲಿ ಕಾಣುತ್ತಿತ್ತು, ಹ್ಯಾಂಡಲ್ಲಿನ ಮೇಲೆ ಒಂದು ಕಾಗೆ. ಒಂದು ತಾಸಿಗೆ ನನ್ನ ತೊಡೆಗಳು ಕುಣಿಯತೊಡಗಿದವು. ಏಳು ಬಂಡಿ ಸರಿದವು. ಇನ್ನೊಂದು ತಾಸು, ಐದೇ ಬಂಡಿ. ಎದುರಿನ ಸಾಲಿನವನು ಮೆಣಸಿನಕಾಯಿ ಚೀಲದ ಮೇಲೆ ಮಲಗಿ ಕೇಳಿದ, "ಮುತ್ಯಾ, ಇವರ್ಯಾರು? ಕೆಂಡದ ಮ್ಯಾಲ ಕುಂತಂಗ ಕುಂತಾರಲ್ಲ?"

"ಫಟಫಟಿ ಸಾಹೇಬ್ರು. ಇವತ್ತ ಪೆಟ್ರೋಲ್ ಮುಗದದ" ಎಂದ ಮುದುಕ. ಎರಡೂ ಸಾಲಿಗೆ ನಗು ಹರಡಿತು. ಎರೆಹೊಲಕ್ಕೆ ಹಾರಿದ್ದವರೂ ಅವರೊಳಗೆ ಇದ್ದರು. ನಗಲಿ ಎಂದು ಕೂತೆ. ಇಳಿಯುವಂತಿರಲಿಲ್ಲ.

ಇಳಿಯುವಂತಿಲ್ಲದಾಗ ಕಣ್ಣು ಕೆಲಸ ಮಾಡುತ್ತದೆ. ನಾನು ಖಾಲಿ ಎಂದುಕೊಂಡಿದ್ದ ಆ ಸಂದು ಖಾಲಿ ಇರಲೇ ಇಲ್ಲ. ನೊಗದಿಂದ ಬಿಚ್ಚಿದ ಎತ್ತುಗಳನ್ನು ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಹೊರಮಗ್ಗುಲು ಇಳಿಜಾರು, ಕಳ್ಳರ ಕಾಟ ಬೇರೆ. ಎದುರುಬದುರಾದ ಎರಡು ಬಂಡಿಯವರು ಆ ದಿನದ ಮಟ್ಟಿಗೆ ಒಂದೇ ಮನೆಯವರಂತೆ. ಒಬ್ಬನ ಮೇವಿನ ಕಣಿಕೆ, ಇನ್ನೊಬ್ಬನ ನೀರು. ನಡುವೆ ಒಂದೇ ರಾಶಿ, ನಾಲ್ಕು ಎತ್ತು ಮುಖ ಹಾಕುತ್ತಿದ್ದವು. ರಾಶಿ ನಡುವೆ ಇದ್ದುದರಿಂದ ಹಗ್ಗ ಉದ್ದ ಬಿಡಬೇಕಿತ್ತು. ಅಲ್ಲೇ ರೊಟ್ಟಿ ಬಿಚ್ಚುತ್ತಿದ್ದರು, ಅಲ್ಲೇ ಒರಗುತ್ತಿದ್ದರು. ನಾನು ಮೂರು ಸಲ ದಾಟಿದ್ದು ಹಾದಿಯನ್ನಲ್ಲ, ಜನರ ಪಡಸಾಲೆಯನ್ನು.

ಇನ್ನೊಂದು ಸಂಗತಿ ಕಂಡಿತು. ಪ್ರತಿ ಬಂಡಿಯವನ ಹತ್ತಿರ ಊರಿನ ಲೆಕ್ಕ ಬರೆಯುವ ಪಟವಾರಿ ಕೊಟ್ಟ ಮಾಲಿನ ಚೀಟಿ. ಅದನ್ನು ಅವನೇ ಮುನ್ಶಿಯ ಮುಂದೆ ಒಯ್ದು ವಹಿಯಲ್ಲಿ ಬರೆಸಬೇಕು. ಸಾಲಿನ ಬಾಲದಿಂದ ನಾಕಾಕ್ಕೆ ನಡೆದು, ಅಲ್ಲಿ ಮತ್ತೊಂದು ಗುಂಪಿನಲ್ಲಿ ನಿಂತು, ಬರೆಸಿ ಬರುವಷ್ಟರಲ್ಲಿ ಸಾಲು ಸರಿದಿರುತ್ತಿತ್ತು. ಒಡೆಯನಿಲ್ಲದ ಬಂಡಿಯನ್ನು ಬದಿಗೆ ನೂಕಿ ಬೇರೆಯವನು ಮುಂದೆ ಬಂದಿರುತ್ತಿದ್ದ. ಆಮೇಲೆ ಬಡಿದಾಟ. ಮಧ್ಯಾಹ್ನದೊಳಗೆ ಎರಡು ನೋಡಿದೆ. ಎರಡನ್ನೂ ಬಿಡಿಸಲು ಅಮೀನರೇ ಬರಬೇಕಾಯಿತು.

ನಾನು ಮುದುಕನ ಕಡೆ ತಿರುಗಿದೆ. ಉಪದೇಶ ಹೇಳದೆ ಇರುವುದು ನನ್ನ ಜಾಯಮಾನವಲ್ಲ.

"ಮುತ್ಯಾ, ಎತ್ತು ಹೊರಗಿನ ಮಗ್ಗಲಿಗಿ ಕಟ್ಟಿದ್ರ?"

"ಕಳ್ಳರಿಗಿ ನೀ ಜಾಮೀನ ಆಗ್ತೀ?"

"ಹೋಗ್ಲಿ. ಒಳಗೇ ಇರ್ಲಿ. ಕಣಿಕಿ ನಡುವ ಯಾಕ? ಅವರವರ ಗಾಲಿಗಿ ಒತ್ತಿ ಹಾಕ್ರಿ. ಹಗ್ಗ ಒಂದ ಮೊಳ ಸಾಕಾಗ್ತದ. ನಡುವ ನನಗ ಎರಡೂವರೆ ಮೊಳ ಬಿಡ್ರಿ. ಹ್ಯಾಂಡಲ್ ಎರಡ ಮೊಳ ಅದ."

"ನಿನಗ್ಯಾಕ ಬಿಡ್ಬೇಕು?"

"ಸಾಲಿನ ಬಾಲದಾಗಿಂದ ನಾ ಹೊಂಟಾಗ ನಿಮ್ಮೆಲ್ಲರ ಚೀಟಿ ನನ್ನ ಚೀಲಕ್ಕ ಹಾಕ್ರಿ. ನಾನೇ ಮುನ್ಶಿಗಿ ಕೊಡ್ತೇನಿ. ಬಂಡಿ ಬಿಟ್ಟು ಯಾರೂ ಇಳೀಬೇಕಾಗಿಲ್ಲ."

ಎದುರಿನ ಮೆಣಸಿನಕಾಯಿಯವನು ಎದ್ದು ಕೂತಿದ್ದ. "ಚೀಟಿ ಕಳದ್ರ?" ಎಂದ. "ನನ್ನ ಗಾಡಿ ನಿಮ್ಮ ಮುಂದೇ ಕಟ್ಯಾರ. ಮತ್ತ ಕಟ್ಟಸ್ರಿ" ಎಂದೆ. ಹಿಂದು ಮುಂದಿನ ಬಂಡಿಯವರೂ ಬಂದು ಸೇರಿದರು. ಚೌಕಾಸಿ ಹತ್ತಿಕೊಂಡಿತು. ಅವರು ಎರಡು ಮೊಳಕ್ಕೆ ಜಗ್ಗಿದರು. ಅಷ್ಟಾದರೆ ನನ್ನ ಬೆರಳು ಗಾಲಿಗೆ ಸವರಿ ಹೋಗುತ್ತವೆ ಎಂದು ಕೈಯಳತೆ ಮಾಡಿ ತೋರಿಸಿದೆ. ಕೊನೆಗೆ ಮುದುಕ ತನ್ನ ಮಾತು ಹೇಳಿದ.

"ಎರಡೂವರೆ ಬಿಡ್ತೀವಿ. ಖರೆ, ಎಂಜಿನ್ ಬಂದ್. ಬಾಲದಾಗೇ ಬಂದ್ ಮಾಡಿ ನೂಕ್ಕೋತ ಬಾ. ಭೋಂಗಾ ಬಾರಿಸಬ್ಯಾಡ, ಬಾಯಿಲೆ ಕೂಗು. ಆ ಕೋಟ ಕಣ್ಣಿಗಿ ಬೀಳಬಾರದು."

ಎಂಜಿನ್ ಬಂದ್ ಎಂದಾಗ ಬೇವಿನ ಕೆಳಗಿನ ಗಾಡಿಯ ಕಡೆ ನೋಡಿದೆ. ಅದು ಮಿಲ್ಟ್ರಿ ಗಾಡಿ, ಎಮ್ಮೆಯಷ್ಟು ಭಾರ. ಅರವತ್ತು ಎಪ್ಪತ್ತು ಬಂಡಿಗಳುದ್ದಕ್ಕೂ ಆ ಬಿಸಿಲಲ್ಲಿ ನೂಕಬೇಕು. ಫಟಫಟಿ ಇಟ್ಟುಕೊಂಡವನು ನೂಕುತ್ತಾ ಹೋಗುವುದೆಂದರೆ ಮರ್ಯಾದೆಯ ಮಾತೂ ಹೌದು. ಆದರೆ ಆ ಬೆಳಗಿನಿಂದ ನೋಡಿದ್ದನ್ನು ಲೆಕ್ಕ ಹಾಕಿದೆ. ಎಂಜಿನ್ ಓಡಿಸುತ್ತಾ ಪ್ರತಿ ಹಗ್ಗಕ್ಕೂ ನಿಂತು ಜಗಳ ಮಾಡುತ್ತಾ ಹೋದದ್ದಕ್ಕಿಂತ, ತೆರೆದ ಸಂದಿನಲ್ಲಿ ನಡೆಯುವುದೇ ಬೇಗ. ಒಪ್ಪಿದೆ. ಆ ಕೆಲಸದಲ್ಲಿ ನಾನು ಮಾಡಿದ ಒಂದೇ ಸರಿಯಾದ ನಿರ್ಧಾರ ಅದು, ಅದನ್ನೂ ಬಂಡಿಯ ಮೇಲೆ ಕಟ್ಟಿಹಾಕಿ ಮಾಡಿಸಿದರು.

ಹೊತ್ತು ಇಳಿಯುವಾಗ ಮುದುಕನ ಪಾಳಿ ಬಂತು. ಹೆಬ್ಬಟ್ಟು ಬಿತ್ತು. ಕಾಗದ ಹಿಡಿದು ಅಮೀನರ ಮುಂದೆ ನಿಂತೆ. ಗಾಡಿ ಬಿಟ್ಟರು. ಸಂದಿನ ಮಾತೆತ್ತಿದೊಡನೆ ಕೈ ಅಡ್ಡ ಹಿಡಿದರು.

"ಒಬ್ಬನಿಗೆ ಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆ."

ನನಗೆ ಬಿಡಿ ಎಂದು ನಾನು ಕೇಳಲಿಲ್ಲ. "ಸಾಹೇಬ್ರ, ಇವತ್ತ ನೀವು ಎಷ್ಟ ಬಡದಾಟ ಬಿಡಸೀರಿ?" ಎಂದೆ. ಅವರು ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡರು. ಚೀಟಿಗಳ ಮಾತು ಬಿಡಿಸಿ ಹೇಳಿದೆ. ಚೀಟಿ ಒಟ್ಟಿಗೆ ಬಂದರೆ ಮುನ್ಶಿ ಮುಂದಾಗಿಯೇ ಬರೆದಿಡಬಹುದು, ಬಂಡಿ ನಾಕಾಕ್ಕೆ ಬಂದಾಗ ಹೆಸರು ಕೂಗಿದರೆ ಸಾಕು, ನಾಕಾದ ಮುಂದೆ ಗುಂಪೇ ಇರುವುದಿಲ್ಲ. ಮುನ್ಶಿಯನ್ನು ಕರೆದು ಕೇಳಿದರು. ಅವನು ಹೂಂ ಎಂದ, ಅವನ ಬೆನ್ನಿಗೂ ಅದೇ ಬೇಕಿತ್ತು. ಹತ್ತು ಜನ ಬಂದರೂ ಬರಲಿ, ಎಂಜಿನ್ ಬಂದ್ ಮಾಡಿ ನೂಕಿಕೊಂಡು ಬರುವವರಿಗೆಲ್ಲ ಅದೇ ಕಾನೂನು ಆಗಲಿ ಎಂದೆ. ಅಮೀನರು ಅರ್ಧ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಅಲ್ಲೂ ತಡೆದೆ.

"ಕನ್ನಡದಾಗ ಬರೀರಿ ಸಾಹೇಬ್ರ. ಬಂಡಿಯವರ ಮುಂದ ಓದಿ ಹೇಳ್ರಿ. ಅವರಿಗಿ ತಿಳೀಲಾರದ ಕಾನೂನು ಕಾಯೋರು ಯಾರು? ನೀವೊಬ್ಬರೇ."

ಬಳ್ಳಾರಿಯ ದುಂಡು ಅಕ್ಷರದಲ್ಲಿ ನಾಲ್ಕೇ ಸಾಲು ಬರೆದರು. ಓದಿಯೂ ಹೇಳಿದರು. "ಮೋಟಾರು ಸೈಕಲ್ಲು" ಎಂದು ಓದಿದಾಗ ಬಂಡಿಯವರು ಮುಖ ಮುಖ ನೋಡಿಕೊಂಡರು. "ಫಟಫಟಿ ಅನ್ರಿ" ಎಂದ ಮುದುಕ. ಅಮೀನರು ತಿದ್ದಿದರು.

ಗಾಡಿ ಮನೆಗೆ ತಂದು ಕೆಲಸಕ್ಕಿಳಿದೆ. ಪ್ಲಗ್ಗು ತೆಗೆದು ಉಜ್ಜಿದೆ. ನೂಕುವಾಗ ಹಗುರಾಗಲಿ ಎಂದು ಚೈನು ಸಡಿಲಿಸಿ, ಗಾಲಿಗೆ ಗ್ರೀಸು ತುಂಬಿ, ಬ್ರೇಕು ಸವರದಂತೆ ಹೊಂದಿಸಿದೆ. ಕೋಟನ್ನು ಹೆಂಡತಿಯ ಮುಂದಿಟ್ಟೆ. ದಪ್ಪ ಉಣ್ಣೆ, ಅದನ್ನು ಕತ್ತರಿಸಿ ಫ್ಲಾಸ್ಕಿನ ಪೆಟ್ಟಿಗೆಗೆ ಒಳಗಿನಿಂದ ಎರಡು ಪದರ ಹೊಲಿ ಎಂದೆ. "ಚೊಲೋ ಕೋಟು" ಎಂದು ಕತ್ತರಿ ಹಿಡಿದು ಅದರ ಹೊಲಿಗೆ ತಿರುವಿ ನೋಡಿದಳು. ಆಮೇಲೆ ತೋಳಿನಿಂದ ಶುರು ಮಾಡಿದಳು. ಬಿಸಿಲನ್ನು ಹೊರಗೇ ನಿಲ್ಲಿಸಲು ಉಣ್ಣೆಯಂಥದು ಇಲ್ಲ.

ಹನ್ನೆರಡನೆಯ ದಿನ ರೈಲು ತಡವಾಗಿ ಬಂತು. ಫ್ಲಾಸ್ಕ್ ಕೈಗೆ ಸಿಕ್ಕಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಪೆಟ್ಟಿಗೆಯ ಕಡೆಗೇ ನನ್ನ ಗಮನ, ಎಲ್ಲಿಂದಾದರೂ ನೀರು ಒಸರುತ್ತದೆಯೇ ಎಂದು. ಏರಿಯ ಬಾಲಕ್ಕೆ ಬಂದು ಎಂಜಿನ್ ಬಂದ್ ಮಾಡಿದೆ. "ದವಾ ಬಂತ್ರಪೋ, ಹಗ್ಗ ನೋಡ್ಕೋರಿ, ಚೀಟಿ ಕೊಡ್ರಿ" ಎಂದು ಕೂಗಿದೆ. ಮೊದಲ ಬಂಡಿಯವನು ಚೀಟಿ ನೀಡಿದ. ಎರಡನೆಯವನು ಕಣಿಕೆಯನ್ನು ಕಾಲಿಂದ ಗಾಲಿಗೆ ಒತ್ತಿದ. ಸಂದು ತೆರೆದಿತ್ತು. ನೂಕಿದೆ. ಹತ್ತು ಬಂಡಿಗೆ ಅಂಗಿ ಒದ್ದೆ, ಇಪ್ಪತ್ತಕ್ಕೆ ಅಂಗೈಯಲ್ಲಿ ಬೊಬ್ಬೆ.

ಅರ್ಧ ಸಾಲಿಗೆ ಬಂದಾಗ ಸಂದು ಮುಚ್ಚಿತ್ತು. ಗಡಿಯ ಆಚೆಯಿಂದ ಬಂದ ಹತ್ತಿ ಬಂಡಿಗಳು, ಎಂಟೋ ಒಂಬತ್ತೋ. ಅವರಿಗೆ ಕರಾರಿನ ಸುದ್ದಿಯೇ ಇಲ್ಲ. ಎತ್ತುಗಳು ಅಡ್ಡ, ಕಣಿಕೆ ನಡುವೆ. ಅವರ ಮುಂದಾಳು, ಮೀಸೆಯ ಆಳು, ಬಂಡಿಯಿಂದ ಇಳಿಯದೆಯೇ, "ಏನ್ ಸಾಹೇಬ್ರ, ಸತ್ತ ಕತ್ತೆ ಎಲ್ಲಿಗಿ ನೂಕ್ಲತ್ತೀರಿ?" ಎಂದ. ಪೆಟ್ಟಿಗೆಯ ಮೂಲೆಯಿಂದ ಒಂದು ಹನಿ ನೀರು ನನ್ನ ಪಾದದ ಮೇಲೆ ಬಿತ್ತು. ಇನ್ನೊಂದು ಬಿತ್ತು.

ಕಿಕ್ಕರಿನ ಮೇಲೆ ನನ್ನ ಕಾಲಿತ್ತು. ಒಂದು ಒದೆತಕ್ಕೆ ಎಂಜಿನ್ ಗರ್ಜಿಸುತ್ತಿತ್ತು, ಎತ್ತುಗಳು ತಾವಾಗಿಯೇ ಸರಿಯುತ್ತಿದ್ದವು. ಹಿಂದೆ ನನಗೆ ಚೀಟಿ ಕೊಟ್ಟವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಕಾಲು ತೆಗೆದೆ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಕೈ ಚಾಚಿದೆ.

"ಕತ್ತೆ ಸತ್ತದ ಖರೆ. ನಿಮ್ಮ ಚೀಟಿ ಹೊರ್ತದ. ಕೊಡ್ರಿ ಇಲ್ಲಿ."

"ಯಾ ಚೀಟಿ?"

ನಾನು ಹೇಳುವ ಮೊದಲೇ ಹಿಂದಿನಿಂದ ನಾಲ್ಕಾರು ಬಾಯಿ ಒಟ್ಟಿಗೆ ಹೇಳತೊಡಗಿದವು. ಒಬ್ಬ ಮರಾಠಿಯಲ್ಲಿ, ಒಬ್ಬ ಕನ್ನಡದಲ್ಲಿ, ಒಬ್ಬ ಬೈಗುಳದಲ್ಲಿ. ಇಬ್ಬರು ಓಡಿಬಂದು ತಾವೇ ಹಗ್ಗ ಗಿಡ್ಡ ಮಾಡಿದರು. ಮೀಸೆಯವನು ಅನುಮಾನದಿಂದಲೇ ಚೀಟಿ ಕೊಟ್ಟ. ಅವನ ಹಿಂದಿನವರೂ ಕೊಟ್ಟರು. ಕೊನೆಯ ಇಪ್ಪತ್ತು ಬಂಡಿಗಳ ಉದ್ದಕ್ಕೆ ಗಾಡಿಯ ಹಿಂದೆ ಯಾರೋ ಕೈ ಹಚ್ಚಿ ನೂಕಿದರು. ಯಾರೆಂದು ತಿರುಗಿ ನೋಡುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಚೀಟಿಯ ಕಟ್ಟು ಮುನ್ಶಿಯ ಮುಂದೆ ಬಿಸಾಕಿದಂತೆ ಇಟ್ಟು, ನಾಕಾ ದಾಟಿ ಕಿಕ್ಕರ್ ಹೊಡೆದೆ. ದವಾಖಾನೆಯಲ್ಲಿ ಡಾಕ್ಟರು ಫ್ಲಾಸ್ಕಿನೊಳಗೆ ಬೆರಳು ಹಾಕಿದರು. ಲಿಂಬೆಹಣ್ಣಿನಷ್ಟು ಬರ್ಫ ತಳದ ನೀರಿನಲ್ಲಿ ತೇಲುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ, ಸೂಜಿಗಳ ಡಬ್ಬಿ ತೆಗೆದುಕೊಂಡು ಆಗಲೇ ಬಂಡಿ ಹತ್ತಿದರು. ಆ ಸಂಜೆಯೊಳಗೆ ಹೊಳೆಯ ಈಚೆಯ ಮೂರು ಊರಿನ ದನಗಳಿಗೆ ಚುಚ್ಚಿದರು. ರೋಗ ಹಟ್ಟಿಯಲ್ಲೇ ನಿಂತಿತು. ಹಟ್ಟಿಯವರ ದನ ಮಾತ್ರ ತಿರುಗಿ ಬರಲಿಲ್ಲ.

ಆ ಬೇಸಿಗೆಯುದ್ದಕ್ಕೂ ಹಾಗೆಯೇ ನೂಕಿದೆ. ಒಮ್ಮೆ ಪೇಟೆಯ ಸಾವುಕಾರನೊಬ್ಬ ಹೊಸ ಫಟಫಟಿಯಲ್ಲಿ ಎಂಜಿನ್ ಓಡಿಸುತ್ತಲೇ ಸಂದಿಗೆ ನುಗ್ಗಿದ. ಅಮೀನರು ಊರಲ್ಲಿರಲಿಲ್ಲ. ಬಂಡಿಯವರು ಒಂದು ನೊಗ ತಂದು ಅಡ್ಡ ಇಟ್ಟು, "ಬಂದ್ ಮಾಡ್ರಿ, ಇಳೀರಿ" ಎಂದರಂತೆ. ಅವನು ಇಳಿದ.

ಈಗ ದಾರಿಗಳಲ್ಲಿ ಲಾರಿ ಬಸ್ಸುಗಳು ಹೆಚ್ಚಾಗಿವೆ, ಫಟಫಟಿ ಕೊಳ್ಳುವವರೂ ಹೆಚ್ಚಾಗಿದ್ದಾರೆ. ಕೊಳ್ಳುವವರಿಗೆ ನನ್ನ ಅನುಭವದ ನಾಲ್ಕು ಮಾತು ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಗಾಡಿ ಕೊಂಡ ದಿನವೇ ಹ್ಯಾಂಡಲ್ಲಿನ ಅಗಲವನ್ನು ನಿಮ್ಮ ಮೊಳದಲ್ಲಿ ಅಳೆದಿಟ್ಟುಕೊಳ್ಳಿ. ಅದಕ್ಕಿಂತ ಅರ್ಧ ಮೊಳ ಹೆಚ್ಚಿಲ್ಲದ ಸಂದಿಗೆ ಮುಖ ಹಾಕಬೇಡಿ. ದನ ಕಟ್ಟಿದ್ದಲ್ಲಿ ಭೋಂಗಾ ಮುಟ್ಟಬೇಡಿ, ಬಾಯಿ ಇದೆ. ಯಾವ ಬಟ್ಟೆ ತೊಟ್ಟರೆ ಕೆಲಸ ಬೇಗ ಆಗುತ್ತದೆಂದು ನಿಮಗನಿಸುತ್ತದೆಯೋ, ಅದನ್ನು ಕಂಡು ಜನ ಯಾಕೆ ಸರಿಯುತ್ತಾರೆಂದು ಮೊದಲು ತಿಳಿದುಕೊಳ್ಳಿ. ಅಧಿಕಾರಿಯ ಹತ್ತಿರ ನಿಮಗೊಬ್ಬರಿಗೇ ರಿಯಾಯಿತಿ ಕೇಳಬೇಡಿ. ಸಿಕ್ಕರೂ ಅವರ ವರ್ಗವಾದ ದಿನ ಹೋಗುತ್ತದೆ. ಎಲ್ಲರಿಗೂ ಹೊಂದುವ ಕಾನೂನು ಕೇಳಿ, ಅದನ್ನು ಸಾಲಿನಲ್ಲಿ ನಿಂತವರ ಭಾಷೆಯಲ್ಲಿ ಬರೆಸಿ. ಎರಡು ಸಾಲುಗಳ ನಡುವೆ ಜಾಗ ಕಂಡರೆ ಇಳಿದು, ಅದು ಯಾರದೆಂದು ಎರಡೂ ಕಡೆಯವರನ್ನು ಕೇಳಿ. ಕೇಳುವ ಮೊದಲು ಎಂಜಿನ್ ಬಂದ್ ಮಾಡಿ. ಇಲ್ಲದಿದ್ದರೆ ಅವರು ಹೇಳಿದ್ದು ನಿಮಗೆ ಕೇಳಿಸುವುದಿಲ್ಲ.